ಡೂಪ್ಲಿಕೇಟ್ ಬ್ರೇಕ್ ಪ್ಯಾಡ್ ಹಿಂದೆ ಹನ್ನೊಂದು ವಾರ

ನಿನ್ನೆ ಸಂಜೆ ದುಡ್ಡು ವಾಪಸ್ ಬಂತು. ಬಂದದ್ದು ಪ್ಯಾಡಿನ ದುಡ್ಡು ಅಷ್ಟೇ. ಹಾಳಾದ ಡಿಸ್ಕಿಗೆ, ಗಾಡಿ ಹೇರಿಕೊಂಡು ಬಂದ ವ್ಯಾನಿಗೆ ಕೊಟ್ಟದ್ದೆಲ್ಲ ಹೋದ ಹಾಗೆಯೇ. ಆದರೂ ಮೆಸೇಜ್ ನೋಡಿದ ಕೂಡಲೇ ಕುರ್ಚಿಯಿಂದ ಎದ್ದು ನಿಂತೆ. ಹನ್ನೊಂದು ವಾರ ಇದರ ಹಿಂದೆ ಬಿದ್ದಿದ್ದೆ ನೋಡಿ. ನೆನಪು ಹಸಿ ಇರುವಾಗಲೇ ಬರೆದಿಡೋಣ ಅನ್ನಿಸಿತು. ಇದೇ ದಾರಿಯಲ್ಲಿ ಇನ್ಯಾರಾದರೂ ಬರುತ್ತಿದ್ದರೆ ನಾನು ಎಡವಿದ ಕಡೆಯೇ ಅವರೂ ಎಡವುವುದು ಬೇಡ.

ಶುರುವಾದದ್ದು ತೀರಾ ಮಾಮೂಲಿಯಾಗಿ. ನನ್ನ ಬೈಕಿನ ಮುಂದಿನ ಡಿಸ್ಕ್ ಬ್ರೇಕಿನ ಪ್ಯಾಡ್, ಅಂದರೆ ಚಕ್ರದ ಜತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ತುಂಡು, ಸವೆದಿತ್ತು. ಪ್ಯಾಡಿನ ಮೈಮೇಲೆ ಒಂದು ಗೆರೆ ಕೊರೆದಿರುತ್ತದಲ್ಲ, ಅದು ಅಳಿಸುತ್ತಾ ಬಂದರೆ ಬದಲಿಸುವ ಹೊತ್ತು ಅಂತ ಲೆಕ್ಕ. ನನ್ನದರಲ್ಲಿ ಗೆರೆ ಪೂರ್ತಿ ಮಾಯವಾಗಿತ್ತು. ಷೋರೂಮಿನಲ್ಲಿ ಕೇಳಿದರೆ ಸ್ಟಾಕ್ ಇಲ್ಲ, ಎರಡು ವಾರ ಆಗುತ್ತೆ ಅಂದರು. ದಿನಾ ಓಡಿಸುವ ಗಾಡಿಯನ್ನು ಎರಡು ವಾರ ನಿಲ್ಲಿಸುವುದು ಆಗುವ ಮಾತಲ್ಲ. ಆನ್‌ಲೈನಿನಲ್ಲಿ ಹುಡುಕಿದೆ. ಅದೇ ಕಂಪನಿ, ಅದೇ ಪಾರ್ಟ್ ನಂಬರು, ನಾಲ್ಕೇ ದಿನದಲ್ಲಿ ಮನೆಗೆ.

ಬೆಲೆ ಎಷ್ಟು ಕಡಿಮೆ ಇತ್ತು ಅಂತ ಎಲ್ಲರೂ ಕೇಳುತ್ತಾರೆ. ನೂರಕ್ಕೆ ಹದಿನೈದರಷ್ಟು ಕಡಿಮೆ, ಅಷ್ಟೇ. ಅರ್ಧ ಬೆಲೆಗೆ ಕೊಟ್ಟಿದ್ದರೆ ನನಗೂ ಅನುಮಾನ ಬರುತ್ತಿತ್ತು. ಹದಿನೈದು ಅಂದರೆ ಯಾವುದೋ ಡಿಸ್ಕೌಂಟ್ ಇರಬೇಕು ಅನ್ನಿಸುತ್ತದೆ, ಅಲ್ವಾ? ಡೂಪ್ಲಿಕೇಟ್ ಮಾಲು ಅಗ್ಗಕ್ಕೇ ಸಿಗುತ್ತದೆ ಅನ್ನುವ ನನ್ನ ನಂಬಿಕೆಯೇ ನನಗೆ ಮೋಸ ಮಾಡಿತು. ಮಾರುವವರ ಪುಟದಲ್ಲಿದ್ದ ಫೋಟೋ ಮಾತ್ರ ಸ್ವಲ್ಪ ವಿಚಿತ್ರವಾಗಿತ್ತು. ಕಂಪನಿಯವರು ತೆಗೆಸಿದ್ದಲ್ಲ. ಒಂದು ನೀಲಿ ಬಟ್ಟೆಯ ಮೇಲೆ ಎರಡು ಪ್ಯಾಡ್ ಇಟ್ಟು ಯಾರೋ ಮೊಬೈಲಿನಲ್ಲಿ ತೆಗೆದದ್ದು. ಬಟ್ಟೆಯ ಅಂಚಿನಿಂದ ಒಂದು ದಾರ ಹೊರಗೆ ಬಂದಿತ್ತು. ಪಾಪ, ಸಣ್ಣ ವ್ಯಾಪಾರಿ, ಪ್ರಾಮಾಣಿಕವಾಗಿ ತಾವೇ ಫೋಟೋ ತೆಗೆದಿದ್ದಾರೆ ಅಂದುಕೊಂಡೆ. ಅದೇ ಆರ್ಡರಿನಲ್ಲಿ ಒಂದು ಸ್ಪಾರ್ಕ್ ಪ್ಲಗ್ಗನ್ನೂ ಸೇರಿಸಿದೆ. ಅದರ ಕತೆ ಆಮೇಲೆ.

ಬಾಕ್ಸ್ ಬಂತು. ಹೊಲೋಗ್ರಾಮ್ ಇತ್ತು, ಬ್ಯಾಚ್ ನಂಬರಿನ ಸ್ಟಿಕ್ಕರ್ ಇತ್ತು, ಒಳಗೆ ನಾಲ್ಕು ಭಾಷೆಯಲ್ಲಿ ಎಚ್ಚರಿಕೆಯ ಚೀಟಿಯೂ ಇತ್ತು. ನಮ್ಮ ಮೆಕ್ಯಾನಿಕ್‌ಗೆ ಒಂದು ಫೋಟೋ ಕಳಿಸಿ 'ಇದೇ ಅಲ್ವಾ?' ಅಂತ ಕೇಳಿದೆ. ಅವರು ಹೆಬ್ಬೆರಳು ತೋರಿಸಿದರು. ಮಾರನೇ ದಿನ ಹಾಕಿಸಿಕೊಂಡೆ. ಬಾಕ್ಸ್ ಅಲ್ಲೇ ಕಸದ ಬುಟ್ಟಿಗೆ ಹೋಯಿತು. ಈ ಒಂದು ವಾಕ್ಯಕ್ಕೆ ಆಮೇಲೆ ಆರು ವಾರ ತೆತ್ತೆ.

ಹೊಸ ಪ್ಯಾಡ್ ಹಾಕಿದ ಮೇಲೆ ಮೊದಲ 200, 300 ಕಿಲೋಮೀಟರ್ ಜೋರಾಗಿ ಬ್ರೇಕ್ ಹಿಡಿಯಬಾರದು, ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕು ಅಂತ ಹೇಳುತ್ತಾರೆ. ಅದು ನಿಜ. ಆದರೆ ನನಗೆ ಅದೇ ಒಂದು ನೆಪವಾಯಿತು. ಬ್ರೇಕ್ ಸ್ವಲ್ಪ ಮಂದ ಅನ್ನಿಸಿದಾಗಲೆಲ್ಲ 'ಇನ್ನೂ ಸೆಟ್ ಆಗಿಲ್ಲ' ಅಂತ ಸಮಾಧಾನ ಮಾಡಿಕೊಂಡೆ. ಎರಡನೇ ವಾರ ಕೀರಲು ಸದ್ದು ಶುರುವಾಯಿತು. ಧೂಳು ಇರಬೇಕು ಅಂದುಕೊಂಡೆ. ಮೂರನೇ ವಾರ ಮುಂದಿನ ಚಕ್ರದ ರಿಮ್ಮಿನ ಮೇಲೆ ಕಪ್ಪು ಪುಡಿ ಜಾಸ್ತಿ ಕೂರತೊಡಗಿತು. ಬಟ್ಟೆಯಲ್ಲಿ ಒರೆಸಿದೆ, ಸುಮ್ನೆ ಮುಂದೆ ಹೋದೆ. ಲಿವರ್ ಮೊದಲಿಗಿಂತ ಅರ್ಧ ಬೆರಳು ಜಾಸ್ತಿ ಒಳಗೆ ಬರುತ್ತಿತ್ತು. ಇದನ್ನು ಮಾತ್ರ ಗಮನಿಸಿಯೂ ಯಾರಿಗೂ ಹೇಳಲಿಲ್ಲ. ಇವತ್ತು ಯೋಚಿಸಿದರೆ ನನಗೇ ನಾಚಿಕೆ.

ಐದನೇ ವಾರ. ಮೀಟರ್ ಲೆಕ್ಕದಲ್ಲಿ ಪ್ಯಾಡ್ ಹಾಕಿ 640 ಕಿಲೋಮೀಟರ್ ಆಗಿತ್ತು. ಉದ್ದನೆಯ ಇಳಿಜಾರು, ಕೊನೆಯಲ್ಲಿ ಬಲ ತಿರುವು. ವೇಗ 50ರ ಹತ್ತಿರ ಇರಬಹುದು. ಇಳಿಯುತ್ತಾ ಆಗಲೇ ನಾಲ್ಕೈದು ಸಲ ಬ್ರೇಕ್ ಹಿಡಿದಿದ್ದೆ. ತಿರುವಿಗೆ ಮುಂಚೆ ಮತ್ತೆ ಹಿಡಿದೆ. ಟಣ್ ಅಂತ ಒಂದು ಸದ್ದು. ಲಿವರ್ ಸೀದಾ ಹ್ಯಾಂಡಲ್ಲಿಗೆ ಬಂದು ತಾಗಿತು.

ಬಿಟ್ಟು ಮತ್ತೆ ಹಿಡಿದೆ. ಏನೂ ಇಲ್ಲ. ಮೂರನೇ ಸಲಕ್ಕೆ ಸ್ವಲ್ಪ ಬಿಗಿ ಬಂತು, ಜತೆಗೆ ಕಬ್ಬಿಣದ ಮೇಲೆ ಕಬ್ಬಿಣ ಉಜ್ಜುವ ಸದ್ದು. ಕಾಲು ತಾನಾಗಿಯೇ ಹಿಂದಿನ ಬ್ರೇಕ್ ಒತ್ತಿತ್ತು, ಎಡಗಾಲು ಗೇರ್ ಇಳಿಸಿತ್ತು. ತಿರುವು ತೆಗೆದುಕೊಳ್ಳಲು ಆಗಲಿಲ್ಲ. ನೇರ ಹೋಗಿ ರಸ್ತೆ ಪಕ್ಕದ ಮಣ್ಣಿಗಿಳಿದು, ಪೊದೆಗೆ ನುಗ್ಗಿ ನಿಂತೆ. ಬೀಳಲಿಲ್ಲ. ಎದುರಿಗೆ ಯಾವ ಗಾಡಿಯೂ ಇರಲಿಲ್ಲ. ಇಂಜಿನ್ ಆಫ್ ಮಾಡಿದ ಮೇಲೂ ಬಲಗೈ ಲಿವರ್ ಬಿಟ್ಟಿರಲಿಲ್ಲ. ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಬಿಡಿಸಿಕೊಂಡೆ ಅಂದರೆ ನಂಬುತ್ತೀರಾ?

ಇಲ್ಲಿ ನಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅಂದರೆ ಗಾಡಿಯನ್ನು ಮತ್ತೆ ಓಡಿಸದೇ ಇದ್ದದ್ದು. ಹಿಂದಿನ ಬ್ರೇಕ್ ಇದೆಯಲ್ಲ, ಮೆಲ್ಲಗೆ ಹೋಗೋಣ ಅಂತ ಮನಸ್ಸು ಹೇಳುತ್ತಿತ್ತು. ವ್ಯಾನ್ ಕರೆಸಿದೆ. ಎರಡೂವರೆ ಗಂಟೆ ಕಾದೆ. ಆದರೆ ಒಂದು ತಪ್ಪನ್ನೂ ಮಾಡಿದೆ. ಗ್ಯಾರೇಜಿನಲ್ಲಿ ಕ್ಯಾಲಿಪರ್, ಅಂದರೆ ಪ್ಯಾಡುಗಳು ಕೂರುವ ಭಾಗ, ಬಿಚ್ಚುವ ಮುಂಚೆ ಫೋಟೋ ತೆಗೆಯಲಿಲ್ಲ. ನಿಮಗೆ ಹೀಗೇನಾದರೂ ಆದರೆ, ಬಿಚ್ಚುವುದಕ್ಕೆ ಮೊದಲು ಮೀಟರಿನ ಫೋಟೋ ತೆಗೆಯಿರಿ. ಪ್ಯಾಡ್ ಇನ್ನೂ ಕ್ಯಾಲಿಪರ್ ಒಳಗೇ ಇರುವಾಗ ಒಂದು ತೆಗೆಯಿರಿ. ಬಿಚ್ಚುವುದನ್ನು ಮೊದಲಿಂದ ಕೊನೆಯವರೆಗೆ ನಿಲ್ಲಿಸದೆ ವೀಡಿಯೋ ಮಾಡಿ. 'ಈ ಪ್ಯಾಡ್ ನಿಮ್ಮ ಗಾಡಿಯಿಂದಲೇ ಬಂತು ಅನ್ನುವುದಕ್ಕೆ ಏನು ಸಾಕ್ಷಿ?' ಅನ್ನುವ ಪ್ರಶ್ನೆ ಖಂಡಿತ ಬರುತ್ತದೆ.

ಕ್ಯಾಲಿಪರ್ ಬಿಚ್ಚಿದಾಗ, ಆಯಿಲಿನ ಒತ್ತಡಕ್ಕೆ ಪ್ಯಾಡನ್ನು ತಳ್ಳುವ ಪಿಸ್ಟನ್ ಕಡೆಯ ಪ್ಯಾಡಿನಲ್ಲಿ ಪ್ಯಾಡೇ ಇರಲಿಲ್ಲ. ಬರೀ ಕಬ್ಬಿಣದ ತಗಡು. ಉಜ್ಜುವ ಭಾಗ, ಅಂದರೆ ಆ ಕಪ್ಪು ಲೈನಿಂಗು, ತಗಡಿನಿಂದ ಕಿತ್ತು ಹೋಗಿತ್ತು. ಜಾಗ ಖಾಲಿಯಾದ ಕೂಡಲೇ ಪಿಸ್ಟನ್ ಅಷ್ಟೂ ದೂರ ಮುಂದೆ ಬರಬೇಕಾಯಿತು. ಲಿವರ್ ಹ್ಯಾಂಡಲ್ಲಿಗೆ ತಾಗಿದ್ದು ಅದಕ್ಕೇ. ಮೂರು ಸಲ ಒತ್ತಿದಾಗ ಆಯಿಲ್ ಬಂದು ತುಂಬಿಕೊಂಡಿತು, ಆಮೇಲೆ ತಗಡೇ ಡಿಸ್ಕನ್ನು ಕೆರೆಯಿತು.

ನನ್ನ ಮೊದಲ ಮಾತು, 'ಫಿಟ್ಟಿಂಗ್ ಸರಿ ಮಾಡಿದ್ರಾ?' ಅಂತ. ಹತ್ತು ವರ್ಷದಿಂದ ನನ್ನ ಗಾಡಿ ನೋಡಿಕೊಂಡಿರುವ ಮನುಷ್ಯ. ಅವರು ಉತ್ತರ ಕೊಡಲಿಲ್ಲ. ಕೈ ಒರೆಸಿಕೊಂಡು ಮೂಲೆಯಲ್ಲಿದ್ದ ಒಂದು ಹಳೆ ಆಯಿಲ್ ಡಬ್ಬ ತಂದು ನೆಲಕ್ಕೆ ಸುರಿದರು. ಬಿಚ್ಚಿದ ಪಾರ್ಟುಗಳನ್ನೆಲ್ಲ ಗುಜರಿಗೆ ಹಾಕುವ ತನಕ ಅದರಲ್ಲಿ ತುಂಬಿಡುತ್ತಾರಂತೆ. ಸವೆದ ಪ್ಯಾಡುಗಳ ರಾಶಿಯಲ್ಲಿ ನನ್ನ ಹಳೆ ಜೋಡಿ ಸಿಕ್ಕಿತು. ಅದನ್ನೂ ಕಿತ್ತುಹೋದ ತಗಡನ್ನೂ ಅಕ್ಕಪಕ್ಕ ಇಟ್ಟು, 'ನೀವೇ ನೋಡಿ' ಅಂದರು.

ನೋಡಿದೆ. ಹಳೆಯ ಪ್ಯಾಡಿನ ತಗಡನ್ನು ಹಿಂದೆ ತಿರುಗಿಸಿದರೆ ಎರಡು ತೂತು ಕಾಣುತ್ತವೆ. ಆ ತೂತುಗಳ ಒಳಗೂ ಲೈನಿಂಗ್ ತುಂಬಿಕೊಂಡಿದೆ. ಅಂದರೆ ಬರೀ ಅಂಟಿಸಿದ್ದಲ್ಲ, ಒತ್ತಿ ತಗಡಿನೊಳಗೆ ಬೇರು ಬಿಡಿಸಿದ ಹಾಗೆ. ಹೊಸದರಲ್ಲಿ ಅದೇ ಜಾಗದಲ್ಲಿ ತೂತಿನ ಆಕಾರದ ಎರಡು ತಗ್ಗು ಮಾತ್ರ. ಆಚೆ ಬದಿಗೆ ತೂರಿಯೇ ಇಲ್ಲ. ಮೇಲೆ ಕಪ್ಪು ಬಣ್ಣ ಬಳಿದಿದ್ದರಿಂದ ಹಾಕುವಾಗ ಯಾರಿಗೂ ಗೊತ್ತಾಗಿಲ್ಲ. ಲೈನಿಂಗ್ ಕಿತ್ತ ಮುಖದಲ್ಲಿ ಅಂಟು ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಇತ್ತು. ಮಧ್ಯದಲ್ಲಿ ಕೆಂಪಗೆ ತುಕ್ಕು. ಐದು ವಾರದಲ್ಲಿ ಲೈನಿಂಗಿನ ಅಡಿಗೆ ಇಷ್ಟು ತುಕ್ಕು ಬರುವುದಿಲ್ಲ, ತುಕ್ಕು ಹಿಡಿದ ತಗಡಿಗೇ ಅಂಟಿಸಿದ್ದಾರೆ ಅಂದರು ಮೆಕ್ಯಾನಿಕ್. ಉಗುರಿನಿಂದ ಕೆರೆದೆ. ಪುಡಿ ಉದುರಿತು.

ಅವರ ಹತ್ತಿರ ಕ್ಷಮೆ ಕೇಳಲು ನನಗೆ ಎರಡು ದಿನ ಬೇಕಾಯಿತು. ಕೇಳಿದಾಗ, 'ಬಿಡಿ, ಎಲ್ಲರೂ ಮೊದಲು ನಮ್ಮನ್ನೇ ಕೇಳೋದು' ಅಂದರು. ಬಾಕ್ಸಿನ ಫೋಟೋ ನೋಡಿ ಹೆಬ್ಬೆರಳು ತೋರಿಸಿದ್ದು ತಮ್ಮ ತಪ್ಪೂ ಹೌದು, ಪಾರ್ಟ್ ಕೈಯಲ್ಲಿ ಹಿಡಿದು ನೋಡಬೇಕಿತ್ತು ಅಂತಲೂ ಅಂದರು.

ಈಗ ಶುರುವಾಯಿತು ಪತ್ರ ವ್ಯವಹಾರ. ಮೊದಲು ಮಾರಿದವರಿಗೆ ಬರೆದೆ. ಮೂರು ದಿನ ಉತ್ತರವಿಲ್ಲ. ನಾಲ್ಕನೇ ದಿನ ಎರಡೇ ಸಾಲು: ಗಾಡಿಗೆ ಹಾಕಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ, ವಾಪಸ್ ಮಾಡುವ ಹತ್ತು ದಿನದ ಅವಧಿಯೂ ಮುಗಿದಿದೆ. ಹಾಕದೇ ಬ್ರೇಕ್ ಪ್ಯಾಡ್ ಕೆಟ್ಟದ್ದು ಅಂತ ಗೊತ್ತಾಗುವುದು ಹೇಗೆ ಅಂತ ಕೇಳಿದೆ. ಅದಕ್ಕೆ ಉತ್ತರ ಇವತ್ತಿಗೂ ಬಂದಿಲ್ಲ.

ಆಮೇಲೆ ಆನ್‌ಲೈನ್ ಅಂಗಡಿಯ ಗ್ರಾಹಕ ಸೇವೆಯವರು. ಚಾಟ್‌ನಲ್ಲಿ ಪ್ರತಿ ಸಲವೂ ಹೊಸಬರು. ಪ್ರತಿ ಸಲವೂ ಕತೆ ಮೊದಲಿಂದ. ಐದನೇ ಸಲ ನಾನು ಬುದ್ಧಿ ಕಲಿತೆ. ಇಡೀ ಕತೆಯನ್ನು ತಾರೀಕಿನ ಸಮೇತ ಹತ್ತು ಸಾಲಿನಲ್ಲಿ ಬರೆದಿಟ್ಟುಕೊಂಡು, ಅದನ್ನೇ ಅಂಟಿಸಲು ಶುರುಮಾಡಿದೆ. ಇದನ್ನು ನೀವು ಮೊದಲ ದಿನವೇ ಮಾಡಿ. ಇನ್ನೊಂದು ವಿಷಯ. 'ಪ್ಯಾಡ್ ಕೆಟ್ಟಿದೆ' ಅಂತ ಬರೆದಾಗಲೆಲ್ಲ ವಾಪಸಾತಿಯ ವಿಭಾಗಕ್ಕೆ ಕಳಿಸುತ್ತಿದ್ದರು. ಅಲ್ಲಿ ಅವಧಿ ಮುಗಿದಿದೆ ಅಂತ ಬಾಗಿಲು ಹಾಕುತ್ತಿದ್ದರು. 'ಇದು ನಕಲಿ ಮಾಲು, ಇದರಿಂದ ಜೀವಕ್ಕೆ ಅಪಾಯ ಆಗುವುದರಲ್ಲಿತ್ತು' ಅಂತ ಬರೆದ ದಿನ ಬೇರೆಯೇ ವಿಭಾಗಕ್ಕೆ ಹೋಯಿತು. ಅಲ್ಲಿಂದ ಮೊದಲ ಬಾರಿಗೆ ಹೆಸರಿದ್ದ ಒಬ್ಬರು ಮೇಲ್ ಮಾಡಿದರು. ಅವರು ಕೇಳಿದ್ದು ಒಂದೇ: ನಕಲಿ ಅಂತ ಕಂಪನಿಯಿಂದಲೇ ಬರೆಸಿಕೊಂಡು ಬನ್ನಿ.

ಕಂಪನಿಗೆ ಬರೆದೆ. ಅವರು ಬಾಕ್ಸ್ ಕಳಿಸಿ ಅಂದರು. ಬಾಕ್ಸ್ ಎಲ್ಲಿದೆ? ಐದು ವಾರದ ಹಿಂದಿನ ಕಸದಲ್ಲಿ. ಲೇಬಲ್ಲಿನ ಸ್ಪಷ್ಟ ಫೋಟೋ ಆದರೂ ಕೊಡಿ ಅಂದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಒಂದು ವಾರ ಸುಮ್ಮನಾಗಿಬಿಟ್ಟೆ ಕೂಡ. ರಾತ್ರಿ ಯಾವಾಗಲೋ ನೆನಪಾಯಿತು, ಮೆಕ್ಯಾನಿಕ್‌ಗೆ ಕಳಿಸಿದ್ದ ಫೋಟೋ! ಚಾಟ್ ಹಿಂದಕ್ಕೆ ಸರಿಸುತ್ತಾ ಹೋದೆ. ಸಿಕ್ಕಿತು. ಲೇಬಲ್ ಓರೆಯಾಗಿದೆ, ಬ್ಯಾಚ್ ನಂಬರಿನ ಕೊನೆಯ ಎರಡು ಅಂಕಿ ನನ್ನ ಹೆಬ್ಬೆರಳಿನ ಅಡಿಯಲ್ಲಿ. ಆದರೂ ಕಳಿಸಿದೆ.

ಒಂಬತ್ತು ದಿನ ಕಾದ ಮೇಲೆ ಪ್ಯಾಡುಗಳನ್ನೇ ಕಳಿಸಿ ಅಂತ ಮೇಲ್ ಬಂತು. ಇಲ್ಲಿ ಮೆಕ್ಯಾನಿಕ್ ನನ್ನನ್ನು ತಡೆದರು. 'ಎರಡೂ ಕಳಿಸಬೇಡಿ. ಕಿತ್ತುಹೋದದ್ದು ನಿಮ್ಮ ಹತ್ತಿರ ಇರಲಿ.' ಇನ್ನೊಂದು ಬದಿಯ, ಲೈನಿಂಗ್ ಇನ್ನೂ ಅಂಟಿಕೊಂಡಿದ್ದ ಪ್ಯಾಡನ್ನು ಕಳಿಸಿದೆ. ಕಿತ್ತ ತಗಡಿನದು ಹತ್ತಿರದಿಂದ ಎಂಟು ಫೋಟೋ ತೆಗೆದೆ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಹಳೆಯ ಒರಿಜಿನಲ್ ಪ್ಯಾಡಿನದೂ ಅಷ್ಟೇ ಫೋಟೋ. ಒಂದು ವಸ್ತುವನ್ನು ಕೊರಿಯರಿಗೆ ಕೊಟ್ಟ ಮೇಲೆ ಅದು ನಮ್ಮ ಕೈಯಲ್ಲಿಲ್ಲ ಅನ್ನುವುದು ನೆನಪಿರಲಿ.

ಮೂರು ವಾರ ಸದ್ದಿಲ್ಲ. ಆ ಮೂರು ವಾರ ನಾನು ಓದಿದಷ್ಟು ಪ್ಯಾಡಿನ ಬಗ್ಗೆ ಜನ್ಮದಲ್ಲಿ ಓದಿರಲಿಲ್ಲ. ಕೆಲವು ಪ್ಯಾಡುಗಳ ಮೇಲೆ ಎರಡು ಅಕ್ಷರ ಒತ್ತಿರುತ್ತಾರೆ, ಜಿಜಿ ಅಥವಾ ಎಚ್‌ಎಚ್ ಅಂತ. ಮೊದಲನೆಯದು ಮಾಮೂಲಿ ಶಾಖದಲ್ಲಿ ಎಷ್ಟು ಹಿಡಿಯುತ್ತದೆ ಅಂತ, ಎರಡನೆಯದು ಜಾಸ್ತಿ ಬಿಸಿಯಾದಾಗ ಎಷ್ಟು ಅಂತ. ಜಿ ಅಂದರೆ ಘರ್ಷಣೆಯ ಅಳತೆ 0.45ರಿಂದ 0.55, ಎಚ್ ಅಂದರೆ 0.55ಕ್ಕಿಂತ ಮೇಲೆ. ನನ್ನ ಹಳೆಯ ಒರಿಜಿನಲ್ ಮೇಲೆ ಜಿಜಿ ಇತ್ತು. ಡೂಪ್ಲಿಕೇಟ್ ಮೇಲೆ ಎಚ್‌ಎಚ್! ಒಂದು ಹೆಜ್ಜೆ ಮುಂದೆ ಹೋಗಿದ್ದರು ಮಹಾನುಭಾವರು. ಅಕ್ಷರ ಒತ್ತುವುದಕ್ಕೆ ಖರ್ಚೇನು? ಅಲ್ಲದೆ ಆ ಅಕ್ಷರ ನಿಜವೇ ಆಗಿದ್ದರೂ ಅದು ಹೇಳುವುದು ಘರ್ಷಣೆಯ ಬಗ್ಗೆ ಮಾತ್ರ. ಲೈನಿಂಗ್ ತಗಡಿಗೆ ಎಷ್ಟು ಗಟ್ಟಿಯಾಗಿ ಕೂತಿದೆ ಅನ್ನುವುದನ್ನು ಅದು ಹೇಳುವುದೇ ಇಲ್ಲ. ಯುರೋಪಿನಲ್ಲಿ ಮಾರುವ ಬದಲಿ ಪ್ಯಾಡುಗಳಿಗೆ ಆರ್ 90 ಅನ್ನುವ ನಿಯಮ ಇದೆ. ಅದರಲ್ಲಿ ಲೈನಿಂಗನ್ನು ತಗಡಿನಿಂದ ಪಕ್ಕಕ್ಕೆ ತಳ್ಳಿ ಕೀಳಲು ನೋಡುವ ಪರೀಕ್ಷೆಯೂ ಸೇರಿದೆ. ಪಾಸಾದ ಪ್ಯಾಡಿನ ಮೇಲೆ ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಅನುಮೋದನೆ ಕೊಟ್ಟ ದೇಶದ ಸಂಖ್ಯೆ ಇರುತ್ತದೆ. ಇದನ್ನೂ ನಕಲು ಮಾಡುವವರಿದ್ದಾರೆ ಅನ್ನುವುದು ಬೇರೆ ಮಾತು.

ಇನ್ನೊಂದು ಗೊಂದಲ ನನಗೂ ಇತ್ತು, ಬಹಳ ಜನಕ್ಕೆ ಇದೆ. ಗಾಡಿ ಕಂಪನಿಯದ್ದಲ್ಲದ ಪಾರ್ಟೆಲ್ಲ ಡೂಪ್ಲಿಕೇಟ್ ಅಲ್ಲ. ತಮ್ಮದೇ ಹೆಸರಿನಲ್ಲಿ ಪ್ಯಾಡ್ ಮಾಡಿ ಮಾರುವ ಕಂಪನಿಗಳಿವೆ, ಅವುಗಳಲ್ಲಿ ಒರಿಜಿನಲ್‌ಗಿಂತ ಚೆನ್ನಾಗಿರುವವೂ ಇವೆ. ಅವರು ಏನೂ ಬಚ್ಚಿಡುತ್ತಿಲ್ಲ. ಕೆಟ್ಟರೆ ಕೇಳಲು ಒಂದು ವಿಳಾಸ ಇದೆ. ಡೂಪ್ಲಿಕೇಟ್ ಅಂದರೆ ಇನ್ನೊಬ್ಬರ ಹೆಸರು ಹಾಕಿಕೊಂಡು ಬಂದದ್ದು. ಲೈನಿಂಗ್ ಕಿತ್ತು ಬಂದಾಗ ಅದನ್ನು ಮಾಡಿದವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ ನೋಡಿ.

ಕಾಯುತ್ತಿದ್ದ ಹೊತ್ತಿನಲ್ಲೇ ಗಾಡಿ ರಿಪೇರಿಯೂ ನಡೆಯಬೇಕಿತ್ತು. ಡಿಸ್ಕಿನ ಅಂಚಿನಲ್ಲಿ ಕನಿಷ್ಠ ದಪ್ಪ 3.5 ಮಿಲಿಮೀಟರ್ ಅಂತ ಕೊರೆದಿದ್ದಾರೆ. ಅಲ್ಲಿಯವರೆಗೆ ಅದನ್ನು ಓದಿಯೇ ಇರಲಿಲ್ಲ. ತಗಡು ಕೆರೆದ ಜಾಗದಲ್ಲಿ ಅಳೆದರೆ 3.3. ಹೊಸದೇ ಬೇಕು. ಪಿಸ್ಟನ್ ಅಳತೆ ಮೀರಿ ಹೊರಗೆ ಬಂದಿದ್ದರಿಂದ ಅದರ ಸೀಲುಗಳೂ ಹೋಗಿದ್ದವು. ಸೀಲ್ ಕಿಟ್, ಹೊಸ ಪ್ಯಾಡ್, ಹೊಸ ಆಯಿಲ್, ಕೂಲಿ.

ಇಲ್ಲಿ ನಾನು ನಿರೀಕ್ಷಿಸದ ಒಂದು ತೊಡಕು ಬಂತು. ಅದು ಡೂಪ್ಲಿಕೇಟಿನಿಂದ ಬಂದದ್ದಲ್ಲ, ನನ್ನ ಭಯದಿಂದ. ಈ ಸಲ ಷೋರೂಮಿನಲ್ಲೇ ಆರ್ಡರ್ ಕೊಟ್ಟೆ. ಡಿಸ್ಕ್ ಬಂತು. ಬಾಕ್ಸಿನ ಮೇಲಿನ ಪಾರ್ಟ್ ನಂಬರಿನ ಕೊನೆಯ ಅಕ್ಷರ ಕೈಪಿಡಿಯಲ್ಲಿದ್ದದ್ದಕ್ಕೆ ತಾಳೆ ಆಗಲಿಲ್ಲ. ಬೇಡ ಅಂತ ವಾಪಸ್ ಮಾಡಿದೆ. ಕೌಂಟರಿನಲ್ಲಿದ್ದ ಹುಡುಗನಿಗೆ ನಾಲ್ಕು ಮಾತೂ ಅಂದೆ. ಒಂದು ವಾರ ಕಳೆದ ಮೇಲೆ ಗೊತ್ತಾಯಿತು, ಕಂಪನಿಯವರು ಪಾರ್ಟಿನಲ್ಲಿ ಸಣ್ಣ ಬದಲಾವಣೆ ಮಾಡಿದಾಗ ನಂಬರಿನ ಬಾಲವೂ ಬದಲಾಗುತ್ತದೆ, ಹಳೆ ನಂಬರಿನ ಜಾಗಕ್ಕೆ ಹೊಸದು ಬರುತ್ತದೆ. ಅವರ ಕಂಪ್ಯೂಟರಿನಲ್ಲಿ ಹಳೆಯ ನಂಬರ್ ಹಾಕಿದರೆ ಹೊಸದನ್ನು ತೋರಿಸುತ್ತದೆ. ಹುಡುಗ ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದ. ಸರಿಯಾದ ಡಿಸ್ಕನ್ನೇ ಬೇಡ ಅಂದಿದ್ದೆ, ಅದು ಆಗಲೇ ಬೇರೆಯವರಿಗೆ ಹೋಗಿತ್ತು. ಇನ್ನೂ ಎಂಟು ದಿನ ಕಾದೆ. ನಂಬರ್ ತಾಳೆ ಆಗದಿದ್ದರೆ ಮೊದಲು ಇದನ್ನು ಕೇಳಿ, ಆಮೇಲೆ ಜಗಳ.

ಹೊಸ ಪಾರ್ಟುಗಳನ್ನು ಹಾಕುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಬ್ರೇಕ್ ಆಯಿಲಿನ ಮುಚ್ಚಳದ ಮೇಲೆ, ಸೀಲ್ ಒಡೆಯದ ಡಬ್ಬದ ಡಾಟ್ 4 ದರ್ಜೆಯ ಆಯಿಲ್ ಮಾತ್ರ ಹಾಕಿ ಅಂತ ಬರೆದಿದೆ. ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಕುದಿಯುವುದು ಕನಿಷ್ಠ 230 ಡಿಗ್ರಿಗೆ. ತೇವ ಸೇರಿಕೊಂಡ ಮೇಲೆ ಅದೇ ಆಯಿಲಿಗೆ ಇಟ್ಟಿರುವ ಕನಿಷ್ಠ ಮಟ್ಟ 155 ಡಿಗ್ರಿ. ಕುದಿದರೆ ಗುಳ್ಳೆ, ಗುಳ್ಳೆ ಬಂದರೆ ಲಿವರ್ ಮತ್ತೆ ಹ್ಯಾಂಡಲ್ಲಿಗೆ. ಹಾಗಾಗಿ ಡಬ್ಬವನ್ನು ನನ್ನ ಎದುರಿಗೇ ಒಡೆಯಿರಿ ಅಂತ ಕೇಳಿದೆ. ಮೆಕ್ಯಾನಿಕ್ ನಕ್ಕರು, ಆದರೆ ಹಾಗೆಯೇ ಮಾಡಿದರು.

ಆಗಲೇ ಸ್ಪಾರ್ಕ್ ಪ್ಲಗ್ ನೆನಪಾದದ್ದು. ಅದೇ ಆರ್ಡರಿನಲ್ಲಿ ಬಂದಿತ್ತು, ಅದೇ ದಿನ ಹಾಕಿಸಿದ್ದೆ. ಗಾಡಿ ಚೆನ್ನಾಗಿಯೇ ಓಡುತ್ತಿತ್ತು, ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಬಿಚ್ಚಿಸಿದೆ. ಪ್ಲಗ್ಗಿನ ಎಳೆಗಳ ಮೇಲೆ ಒಂದು ಲೋಹದ ವಾಷರ್ ಇರುತ್ತದಲ್ಲ, ಒರಿಜಿನಲ್ಲಿನಲ್ಲಿ ಅದು ಸಡಿಲ ಇದ್ದರೂ ಬೆರಳಿನಿಂದ ತಿರುಗಿಸಿ ತೆಗೆಯಲು ಬರುವುದಿಲ್ಲ. ಇದರಲ್ಲಿ ನಟ್ಟಿನ ಹಾಗೆ ತಿರುಗಿ ಕೈಗೆ ಬಂತು. ಪ್ಲಗ್ಗಿನ ನಂಬರಿನಲ್ಲಿ ಆರ್ ಇತ್ತು. ಆರ್ ಅಂದರೆ ಒಳಗೆ ಕರೆಂಟಿಗೆ ತಡೆ ಒಡ್ಡುವ ರೆಸಿಸ್ಟರ್ ಇದೆ ಅಂತ, ಮಲ್ಟಿಮೀಟರ್ ಹಿಡಿದರೆ ಸುಮಾರು 5 ಕಿಲೋ ಓಮ್ ತೋರಿಸಬೇಕು. ತೋರಿಸಿದ್ದು ಸೊನ್ನೆಯ ಹತ್ತಿರ. ಹೆಸರಿಗೆ ಆರ್, ಒಳಗೆ ಬರೀ ಕಡ್ಡಿ. ಬ್ರೇಕಿಗಿಂತ ಈ ಪ್ಲಗ್ಗೇ ನನ್ನನ್ನು ಜಾಸ್ತಿ ಕಾಡಿತು. ಬ್ರೇಕ್ ಕೀರಲು ಸದ್ದು ಮಾಡಿ, ಪುಡಿ ಉದುರಿಸಿ, ತನ್ನ ಪಾಲಿಗೆ ಹೇಳಿಕೊಂಡಿತ್ತು. ಇದು ಏನನ್ನೂ ಹೇಳದೆ ಎರಡು ತಿಂಗಳು ಕೂತಿತ್ತು.

ಕಂಪನಿಯ ಉತ್ತರ ಬಂದದ್ದು ಪತ್ರ ವ್ಯವಹಾರ ಶುರುವಾದ ಎಂಟನೇ ವಾರದಲ್ಲಿ. ಒಂದೇ ಪುಟ. ಪ್ಯಾಡ್ ತಮ್ಮದಲ್ಲ, ಅಚ್ಚಿನ ಅಕ್ಷರಗಳ ಅಳತೆ ಬೇರೆ, ಫೋಟೋದಲ್ಲಿ ಕಾಣುವ ಬ್ಯಾಚ್ ಸಾಲು ಬೇರೊಂದು ಮಾಡೆಲ್ಲಿನ ಪ್ಯಾಡಿಗೆ ಸೇರಿದ್ದು. ಹೆಬ್ಬೆರಳಿನ ಅಡಿಯಲ್ಲಿ ಅಡಗಿದ್ದ ಎರಡು ಅಂಕಿ ಬೇಕೇ ಆಗಲಿಲ್ಲ. ಬಾಕ್ಸ್ ಮಾತ್ರ ಒರಿಜಿನಲ್ ಇರುವ ಹಾಗೆ ಕಾಣುತ್ತದೆ ಅಂತಲೂ ಬರೆದಿದ್ದರು. ಇದನ್ನು ಓದಿ ತಲೆ ಕೆರೆದುಕೊಂಡೆ. ಮೆಕ್ಯಾನಿಕ್‌ಗೆ ಆಶ್ಚರ್ಯವೇ ಆಗಲಿಲ್ಲ. ಖಾಲಿ ಬಾಕ್ಸ್ ಕೊಳ್ಳುವವರಿದ್ದಾರಂತೆ. ಗ್ಯಾರೇಜಿನ ಕಸದಿಂದ ಚೆನ್ನಾಗಿರುವ ಬಾಕ್ಸ್ ಆರಿಸಿ ಒಳಗೆ ಡೂಪ್ಲಿಕೇಟ್ ತುಂಬುತ್ತಾರೆ. ಹೊಲೋಗ್ರಾಮ್ ನಿಜವಾದದ್ದೇ, ಒಳಗಿನದು ಮಾತ್ರ ಬೇರೆ. ನಾನು ಅವತ್ತು ಕಸಕ್ಕೆ ಎಸೆದ ಬಾಕ್ಸ್ ಈಗ ಎಲ್ಲಿದೆಯೋ!

ಹಾಗಾಗಿ ನನ್ನ ಪದ್ಧತಿ ಈಗ ಹೀಗಿದೆ. ಬಾಕ್ಸ್ ಒಡೆಯುವ ಮುಂಚೆ ಆರೂ ಮುಖದ ಫೋಟೋ. ಹೊಸ ಪಾರ್ಟನ್ನು ಹಳೆಯದರ ಪಕ್ಕ ಇಟ್ಟು ಹಿಂದೆ ಮುಂದೆ ನೋಡುವುದು, ಆಮೇಲೆ ಹಾಕುವುದು. ಹಳೆಯ ಪಾರ್ಟನ್ನು ಹೊಸ ಬಾಕ್ಸಿನಲ್ಲೇ ಹಾಕಿ, ಮೇಲೆ ತಾರೀಕು, ಮೀಟರ್ ಎಷ್ಟಿತ್ತು ಅಂತ ಬರೆದು ಮನೆಗೆ ತರುವುದು. ಮುಂದಿನ ಸಲ ಪ್ಯಾಡ್ ಬದಲಿಸುವವರೆಗೂ ಅದು ಅಟ್ಟದ ಮೇಲೆ ಇರುತ್ತದೆ. ಬಿಸಾಡುವಾಗ ಬಾಕ್ಸನ್ನು ಕತ್ತರಿಸಿಯೇ ಬಿಸಾಡುವುದು. ಮನೆಯವರಿಗೆ ಇದು ಸ್ವಲ್ಪ ಅತಿ ಅನ್ನಿಸುತ್ತದೆ. ಅನ್ನಿಸಲಿ.

ಕಂಪನಿಯ ಆ ಒಂದು ಪುಟ, ಮೆಕ್ಯಾನಿಕ್ ತಮ್ಮ ನೋಟ್‌ಬುಕ್ಕಿನಿಂದ ಪ್ಯಾಡ್ ಹಾಕಿದ ತಾರೀಕು ನೋಡಿ ಬರೆದುಕೊಟ್ಟ ಚೀಟಿ, ಬಿಲ್ಲು, ಫೋಟೋಗಳು, ಎಲ್ಲವನ್ನೂ ಆನ್‌ಲೈನ್ ಅಂಗಡಿಗೆ ಕಳಿಸಿದೆ. ಪ್ಯಾಡಿನ ಜತೆಗೆ ಪ್ಲಗ್ಗಿನ ದುಡ್ಡನ್ನೂ ಕೇಳಿದೆ. ಪ್ಲಗ್ಗಿಗೆ ಕಂಪನಿಯ ಪತ್ರ ಇಲ್ಲ ಅಂತ ತಳ್ಳಿಹಾಕಿದರು. ಡಿಸ್ಕಿನ ಖರ್ಚು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದರು. ಮತ್ತೆ ಕೇಳಿದೆ, ಮತ್ತೆ ಅದೇ ಉತ್ತರ. ಬೇಕಿದ್ದರೆ ಮುಂದೆ ಹೋಗಬಹುದಿತ್ತು. ನನ್ನಲ್ಲಿ ಅಷ್ಟು ಕಸುವು ಉಳಿದಿರಲಿಲ್ಲ, ನಿಜ ಹೇಳಬೇಕೆಂದರೆ. ಲೆಕ್ಕ ಹಾಕಿದೆ: ನೂರಕ್ಕೆ ಹದಿನೈದು ಉಳಿಸಲು ಹೋಗಿ, ಒಂದು ಒರಿಜಿನಲ್ ಪ್ಯಾಡಿನ ಬೆಲೆಯ ಹನ್ನೊಂದು ಪಟ್ಟು ಖರ್ಚು. ಅದರಲ್ಲಿ ವಾಪಸ್ ಬಂದದ್ದು ಒಂದು ಪಟ್ಟೂ ಅಲ್ಲ.

ಗಾಡಿ ಈಗ ಸರಿಯಾಗಿದೆ. ಇಳಿಜಾರು ಶುರುವಾಗುವ ಮುಂಚೆ ಮಾತ್ರ ಬೆರಳು ತಾನಾಗಿಯೇ ಲಿವರನ್ನು ಒಂದು ಸಲ ಒತ್ತಿ ನೋಡುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗಲೂ ಒತ್ತುತ್ತಿರುತ್ತೇನೆ. ಪಕ್ಕದ ಗಾಡಿಯವರು ತಿರುಗಿ ನೋಡುತ್ತಾರೆ.

ಮಾರಿದವರ ಪುಟವನ್ನು ತೆಗೆದುಹಾಕಿದ್ದೇವೆ ಅಂತ ಮೇಲ್ ಬಂದಿತ್ತು. ನಿನ್ನೆ ದುಡ್ಡು ಬಂದ ಖುಷಿಯಲ್ಲಿ ಸುಮ್ನೆ ಅದೇ ಪಾರ್ಟ್ ನಂಬರ್ ಹಾಕಿ ಹುಡುಕಿದೆ. ಬೇರೆ ಹೆಸರಿನ ಅಂಗಡಿ, ನೂರಕ್ಕೆ ಹನ್ನೆರಡು ಕಡಿಮೆ, ನೀಲಿ ಬಟ್ಟೆಯ ಮೇಲೆ ಎರಡು ಪ್ಯಾಡ್. ಬಟ್ಟೆಯ ಅಂಚಿನಿಂದ ಹೊರಗೆ ಬಂದ ಅದೇ ದಾರ. ದೂರು ಕೊಟ್ಟಿದ್ದೇನೆ. ಪರಿಶೀಲಿಸುತ್ತಿದ್ದೇವೆ ಅಂತ ಉತ್ತರ ಬಂದಿದೆ.